ತಿಲಕ್ ನಗರದ ನೂರ ಇಪ್ಪತ್ತು ಗಂಟೆ

ಕರ್‌ರ್ ಕರ್‌ರ್ ಎಂದು ಯಾರೋ ಗೋಡೆ ಕೆರೆಯುತ್ತಿದ್ದಾರೆ, ಅಲ್ಲ, ಗೋಡೆಯಲ್ಲ, ನೋಟಿಸ್ ಬೋರ್ಡು, ಅಟೆಂಡರ್ ಗೂಳಪ್ಪ ಸ್ಟೀಲ್ ಸ್ಕೇಲು ಹಿಡಿದು ಹಳೇ ಸೆಮಿಸ್ಟರಿನ ಕಾಗದಗಳನ್ನು ಎಬ್ಬಿಸುತ್ತಿದ್ದಾರೆ, ಮೂಲೆ ಏಳುತ್ತದೆ, ನಡು ಹರಿಯುತ್ತದೆ, ಉಳಿದದ್ದು ಹಟ ಹಿಡಿದು ಅಲ್ಲೇ ಕೂರುತ್ತದೆ — ಈ ಸದ್ದು ಮಧುಮತಿಗೆ ಹಲ್ಲಿನ ಬೇರಿನತನಕ ಗೊತ್ತು, ಅವಳು ಬರೆದ ಮೊದಲ ಸಂಚಿಕೆ ಇದೇ ಸದ್ದಿನಲ್ಲಿ ಪುಡಿಯಾಗಿ ಉದುರಿತ್ತು, ಆಮೇಲೆ ಎಂಟು ಸಂಚಿಕೆ ಉದುರಲಿಲ್ಲ, ಯಾಕೆ ಉದುರಲಿಲ್ಲ ಅನ್ನುವುದು ಈಗ ಅವಳ ತೊಡೆಯ ಮೇಲೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಕೂತಿದೆ, ನಾಲ್ಕು ಕೇಜಿಯಾದರೂ ಇದ್ದೀತು, ಕಾಲು ಜೋಮು ಹಿಡಿಯುತ್ತಿದೆ, ಹಿಡಿಯಲಿ. ಒಳಗೆ ಸುಮನ್‌ನ ವೈವಾ ನಡೆದಿದೆ, ಮುಂದಿನದು ಇವಳದು, ಪತ್ರಿಕೋದ್ಯಮ ವಿಭಾಗ, ಕೊನೇ ವರ್ಷ, ಇಂಟರ್ನ್‌ಶಿಪ್ಪಿಗೆ ನಾಲ್ಕು ಕ್ರೆಡಿಟ್, ಅದಿಲ್ಲದಿದ್ದರೆ ಡಿಗ್ರಿ ಇಲ್ಲ — ನಿಯಮಗಳು ಗೂಳಪ್ಪನ ಸ್ಕೇಲಿನ ಕೆಳಗೇ ಅಂಟಿವೆ, ನೂರ ಇಪ್ಪತ್ತು ಗಂಟೆ ಕೆಲಸ, ಮೊದಲೇ ಗೈಡ್ ಒಪ್ಪಿಗೆ, ದಿನಕ್ಕೊಂದು ಪುಟ ಲಾಗ್‌ಬುಕ್, ಪ್ರತಿ ಪುಟಕ್ಕೂ ಸಂಸ್ಥೆಯ ಮೇಲ್ವಿಚಾರಕರ ಸಹಿ, ಪ್ರಕಟವಾದ ಬರಹಗಳ ಫೈಲು. ಅವಳ ಲಾಗ್‌ಬುಕ್ಕಿನಲ್ಲಿ ಅರವತ್ತು ಪುಟ ತುಂಬಿವೆ, ದಿನಕ್ಕೆ ಎರಡು ಗಂಟೆ, ಒಂದು ದಿನವೂ ತಪ್ಪಿಲ್ಲ, ಆದರೆ ಅರವತ್ತೂ ಪುಟದಲ್ಲಿ ಸಹಿಯ ಕಲಂ ಖಾಲಿ. ಫೈಲೂ ಇಲ್ಲ. ಇರುವುದು ಈ ಗಂಟು. ಏನಮ್ಮಾ ಅದು, ಟಿಫನ್ನಾ, ಗೂಳಪ್ಪ ಸ್ಕೇಲು ನಿಲ್ಲಿಸಿ ಕೇಳುತ್ತಾರೆ. ಅಲ್ರಿ ಅಣ್ಣಾ, ಪತ್ರಿಕೆ. ಪತ್ರಿಕೆ ಇಷ್ಟು ದಪ್ಪಾನಾ, ಅನ್ನುತ್ತಾರೆ, ಮತ್ತೆ ಕರ್‌ರ್ ಕರ್‌ರ್.

ಸುಮನ್ ಎಫ್ಎಂ ಸ್ಟೇಷನ್ನಿಗೆ ಹೋಗಿದ್ದ, ತಿಂಗಳಿಡೀ ಜೆರಾಕ್ಸ್ ಮಾಡಿದೆ ಮಗಾ, ಕಾಫಿ ತಂದುಕೊಟ್ಟೆ, ಮೈಕ್ ಮುಟ್ಟೋಕೂ ಬಿಡ್ಲಿಲ್ಲ, ಆದ್ರೆ ಸರ್ಟಿಫಿಕೇಟ್ ಮಾತ್ರ ಸಖತ್ತಾಗಿದೆ ನೋಡು ಎಂದು ಬಣ್ಣದ ಲೆಟರ್‌ಹೆಡ್ ತೋರಿಸಿದ್ದ, ಅವನ ಮೇಲೆ ಅವಳಿಗೆ ಸಿಟ್ಟಿಲ್ಲ, ಸಿಟ್ಟು ಕಾಫಿ ತರುವುದನ್ನು ಸಂವಹನ ಅಂತ ಲೆಕ್ಕಕ್ಕೆ ಹಿಡಿಯುವವರ ಮೇಲೆ. ಇವಳೂ ಹೋಗಿದ್ದಳಲ್ಲ ಬಾಗಿಲು ಬಾಗಿಲಿಗೆ, ಒಬ್ಬರು ರೆಫರೆನ್ಸ್ ಯಾರು ಅಂದರು, ಒಬ್ಬರು ಯಾವ ಕಡೆಯವರಮ್ಮಾ ನೀನು ಭಾಷೆ ಒಂಥರಾ ಇದೆ ಅಂದರು, ಜೆಪಿ ನಗರದ ಜಾಹೀರಾತು ಕಂಪನಿಯವರು ಇಂಗ್ಲಿಷಿನಲ್ಲಿ ನಕ್ಕರು — ಅವಳ ಊರಾದ ಯಲಬುರ್ಗಾದ ಮಾತು ಕೇಳಿದರೆ ಈ ಊರಿಗೆ ನಗು ತಾನಾಗಿ ಬರುತ್ತದೆ, ಬರಲಿ, ಆ ಮಾತಿನಲ್ಲೇ ಅವಳು ಬೆಳಗಿನ ಆರಕ್ಕೆ ಇಪ್ಪತ್ತೆರಡು ಜನರ ಮುಂದೆ ಓದಿದ್ದಾಳೆ, ಒಬ್ಬರೂ ನಗಲಿಲ್ಲ, ನಗಬೇಕಾದ ಜಾಗ ಬಿಟ್ಟು. ಬಿಟಿಎಂನ ಒಂದು ರೂಮಿನ ಬಾಡಿಗೆ ಮನೆಯಿಂದ ಜಯನಗರದ ಕಾಲೇಜಿಗೆ ದಿನಾ ನಡಿಗೆ, ನಡುವೆ ತಿಲಕ್ ನಗರ, ಮುಚ್ಚಿಹೋದ ಊದುಬತ್ತಿ ಕಾರ್ಖಾನೆಯ ಉದ್ದನೆಯ ಕಾಂಪೌಂಡು, ಅದರ ಮುಂದೆ ಕಸ ಗುಡಿಸುವವರ ಹಾಜರಿ ಜಾಗ, ಕಂಟ್ರಾಕ್ಟರ್‌ನ ಮೇಸ್ತ್ರಿ ಸ್ಕೂಟರಿನ ಸೀಟಿನ ಮೇಲೆ ಪುಸ್ತಕ ಇಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ, ಅಲ್ಲಿ ಜನವರಿಯ ಒಂದು ಮುಂಜಾನೆ ಮುನಿಯಕ್ಕ ಬಲಗೈಗೆ ಹರಕು ಬಟ್ಟೆ ಸುತ್ತಿಕೊಂಡು ನಿಂತಿದ್ದರು, ಕಸದ ರಾಶಿಯಲ್ಲಿ ಒಡೆದ ಟ್ಯೂಬ್‌ಲೈಟು, ಅಂಗೈ ಅಡ್ಡಕ್ಕೆ ಸೀಳಿ ಆರು ಹೊಲಿಗೆ. ಏನಮ್ಮೀ, ಕಾಲೇಜ್ ಹುಡ್ಗೀನಾ, ಬರಿಯಾಕ್ ಬತ್ತದಾ. ಬರ್ತದರಿ. ಹಂಗಾರೆ ಒಂದ್ ಅರ್ಜಿ ಬರ್ಕೊಡು, ಕೈಗೆ ಗ್ಲೌಸ್ ಕೊಡಿ ಅಂತ. ಬರೆದುಕೊಟ್ಟಳು, ಮಾನ್ಯರೇ, ವಿನಮ್ರ ವಿನಂತಿ, ತಮ್ಮ ಅಮೂಲ್ಯ ಗಮನಕ್ಕೆ, ಎಲ್ಲ ಬರೆದಳು, ಮೇಸ್ತ್ರಿ ಅದನ್ನು ಅಲ್ಲೇ ನಾಲ್ಕು ಚೂರು ಮಾಡಿ ಬಿಸಾಕಿದ, ಆ ಚೂರುಗಳನ್ನು ಮತ್ತೆ ಮುನಿಯಕ್ಕನೇ ಗುಡಿಸಬೇಕಾಯಿತು — ಗುಡಿಸುತ್ತಾ ಹೇಳಿದರು, ಇವ್ನು ಹರಿಯಾಕ್ ಆಗ್ದೇ ಇರೋ ಕಡೆ ಬರಿ ಕಣಮ್ಮೀ. ಎಲ್ಲಿ ಬರೀಲಿ. ಅಗೋ, ಎಂದು ಗೋಡೆ ತೋರಿಸಿದರು.

ಅದೇ ಸಂಜೆ ಇಂಟರ್ನ್‌ಶಿಪ್ಪಿನ ಒಪ್ಪಿಗೆ ಫಾರಂನಲ್ಲಿ ಬರೆದಳು, ಸಂಸ್ಥೆಯ ಹೆಸರು ಪೊರಕೆ, ಗೋಡೆ ಪತ್ರಿಕೆ, ತಿಲಕ್ ನಗರ, ಮೇಲ್ವಿಚಾರಕರು ಮುನಿಯಕ್ಕ. ಗೈಡ್ ಸುನಿತಾ ಮೇಡಂ ಪತ್ರಿಕೆಯ ಹೆಸರು ನೋಡಿ ಕ್ರಿಯೇಟಿವ್ ಆಗಿದೆ ಎಂದು ಸಹಿ ಹಾಕಿದರು, ಯಾರು ಮುನಿಯಕ್ಕ ಅಂತ ಕೇಳಲಿಲ್ಲ. ಕೇಳಿದವನು ಅಣ್ಣ ಚನ್ನವೀರ, ಕೊರಿಯರ್ ಬ್ಯಾಗು ಗೋಡೆಗೆ ತೂಗುಹಾಕಿ, ರೊಟ್ಟಿ ಮುರಿಯುತ್ತಾ, ತಂಗೀ, ನಾವು ಯಲಬುರ್ಗಾದಿಂದ ಇಲ್ಲೀತನ ಬಂದಿದ್ದು ನೀ ಕಸಾ ಹೊಡಿಯೋರ ಕೈಯಾಗ ಕಲೀಲಿ ಅಂತೇನು, ಊರಾಗ ಅವ್ವ ಕೇಳಿದ್ರ ಏನ್ ಹೇಳ್ಲಿ. ಹೌದಣ್ಣಾ ಅವರ ಕೈಯಾಗ ಕಲ್ಯಾಕತ್ತೀನಿ ಅಂತನ ಹೇಳು. ಅಣ್ಣ ಉಳಿದ ರೊಟ್ಟಿ ಮುಗಿಸಿ ಕೈ ತೊಳೆದ, ಮರುದಿನ ನಸುಕಿನಲ್ಲಿ ಅಲಾರಾಂ ಹೊಡೆಯುವ ಮೊದಲೇ ಎದ್ದು ಅವನೇ ಮೈದಾ ಅಂಟು ಕುದಿಸುತ್ತಿದ್ದ, ಗಂಟಾಗಬಾರದು, ಕಲಸ್ಕೋತ ಇರಬೇಕು ಅಂತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾ. ಮತ್ತೆ ಕಲಿತದ್ದಾದರೂ ಎಷ್ಟು! ಕ್ಲಾಸಿನಲ್ಲಿ ಒಂದಿಡೀ ಸೆಮಿಸ್ಟರ್ ಸುದ್ದಿಯ ಮೊದಲ ಪ್ಯಾರಾ ಹೇಗಿರಬೇಕು ಅಂತ ಬೋರ್ಡಿನ ಮೇಲೆ ಬಾಣ ಬಿಡಿಸಿದರು, ಮುನಿಯಕ್ಕ ಪೊರಕೆಯ ಹಿಡಿ ನೆಲಕ್ಕೆ ಕುಟ್ಟಿ ಬಿಗಿ ಮಾಡುತ್ತಾ ಒಂದೇ ಉಸಿರಿನಲ್ಲಿ ಮುಗಿಸಿದರು, ಯಾರ್ ಕೈ, ಯಾವ್ ರಸ್ತೆ, ಯಾವತ್ತು, ಅದ್ ಹೇಳು ಮೊದ್ಲು, ಅಯ್ಯೋ ಪಾಪ ಅನ್ನೋದು ಓದ್ದೋರ್ಗೆ ಬುಡು, ನಿಂಗ್ಯಾಕೆ. ವಿನಮ್ರ ಹೋಯಿತು, ಅಮೂಲ್ಯ ಹೋಯಿತು, ಮಾನ್ಯರೇ ಹೋಯಿತು. ಉಳಿದದ್ದು ಹನ್ನೊಂದು ಸಾಲು. ಅವಳು ಓದಿ ಹೇಳುವುದು, ಮುನಿಯಕ್ಕ ಕಣ್ಣು ಮುಚ್ಚಿ ಕೇಳುವುದು, ಎಲ್ಲಿ ಉಸಿರು ಕಟ್ಟುತ್ತದೋ ಅಲ್ಲಿ ಕೈ ಎತ್ತುವುದು, ಅಲ್ಲಿ ಕತ್ತರಿ.

ಮೊದಲ ಸಂಚಿಕೆ ಅವಳೊಬ್ಬಳೇ ಅಂಟಿಸಿದ್ದು ಭಾನುವಾರ ಮಧ್ಯಾಹ್ನ. ಸೋಮವಾರ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಮೇಸ್ತ್ರಿ ಗೋಡೆ ಮೇಲಿನ ಪೋಸ್ಟರ್ ಎಲ್ಲ ಕೆರೀರಿ ಅಂದಿದ್ದ, ಸಿನಿಮಾದ್ದು, ಟ್ಯೂಷನ್‌ದು, ಮೂಲವ್ಯಾಧಿ ಡಾಕ್ಟರ್‌ದು, ಸಾಲಾಗಿ ಹನ್ನೆರಡು ಕಾಗದ, ಕಬ್ಬಿಣದ ಪಟ್ಟಿ ಹಿಡಿದು ಕೆರೆಯುತ್ತಿದ್ದವರು ಮುನಿಯಕ್ಕ, ಕೆರೆಯುತ್ತಿದ್ದದ್ದು ಪೊರಕೆಯನ್ನೇ, ತನ್ನ ಕೈಯ ಸುದ್ದಿಯನ್ನು ತನ್ನ ಕೈಯಾರೆ, ಕರ್‌ರ್ ಕರ್‌ರ್ — ಅಕ್ಕಾ ಅದು ನಮ್ದು, ಎಂದು ಮಧುಮತಿ ಕೂಗುತ್ತಾ ಓಡಿದಾಗ ಕೊನೆಯ ಸಾಲು ಉದುರುತ್ತಿತ್ತು. ಮುನಿಯಕ್ಕ ಪಟ್ಟಿ ಕೆಳಗಿಟ್ಟು ಬುಡದಲ್ಲಿ ಬಿದ್ದ ಕಾಗದದ ಹಿಟ್ಟನ್ನು ನೋಡಿದರು, ಬರೆದವ್ಳು ನೀನು, ಕೆರೆದವ್ಳು ನಾನು, ಚೆನ್ನಾಗದೆ ಕಣಮ್ಮೀ ನಮ್ ಪೇಪರ್ರು ಎಂದು ನಕ್ಕರು, ಆ ನಗು ಅರ್ಧಕ್ಕೇ ಒಣಗಿತು, ನಂಗೆಲ್ಲಾ ಒಂದೇ ತರ ಕಾಣ್ತವೆ, ಕಪ್ಪು ಇರುವೆ ಸಾಲು. ಗ್ಯಾಂಗಿನಲ್ಲಿ ಓದು ಬರುವವರು ಇಬ್ಬರು, ಉಳಿದ ಇಪ್ಪತ್ತು ಜನರಲ್ಲಿ ನಾಳೆ ಯಾರ ಕೈಗೆ ಪಟ್ಟಿ ಬರುವುದೋ, ಅವರಿಗೆ ಹೇಗೆ ಗೊತ್ತಾಗಬೇಕು ಇದು ನಮ್ಮದು ಅಂತ. ಅದಕ್ಕೂ ದಾರಿ ಹುಡುಕಿದ್ದು ಮುನಿಯಕ್ಕನೇ. ಹೊಸಲಿಗೆ ಬಳಿಯುವ ಕೆಮ್ಮಣ್ಣನ್ನು ತೆಂಗಿನ ಚಿಪ್ಪಿನಲ್ಲಿ ಕಲಸಿ ತಂದರು, ಎರಡನೇ ಸಂಚಿಕೆ ಅಂಟಿಸಿ, ಅಂಟು ಇನ್ನೂ ಹಸಿಯಿರುವಾಗಲೇ ಬಲಗೈ ಅದ್ದಿ ಕೆಳಗಡೆ ಒತ್ತಿದರು, ಐದು ಬೆರಳು, ಇಡೀ ಅಂಗೈ, ನಡುವೆ ಹೊಲಿಗೆ ಹಾಕಿದ ಜಾಗದಲ್ಲಿ ಮಣ್ಣು ಹಿಡಿಯಲಿಲ್ಲ, ಅಡ್ಡಕ್ಕೊಂದು ಬಿಳೀ ಗೆರೆ ಉಳಿಯಿತು. ಈ ಕೈ ಇರೋದ್ನ ಯಾರೂ ಕೆರೀಬ್ಯಾಡ್ರಿ, ಹಾಜರಿ ಜಾಗದಲ್ಲಿ ಅಷ್ಟೇ ಹೇಳಿದರು. ಮೇಸ್ತ್ರಿ ಕೆರೀರಿ ಅಂದ. ಕೆರೀತೀವಿ ಸಾಮಿ ಅಂದರು. ಅಕ್ಕಪಕ್ಕದ ಸಿನಿಮಾ, ಟ್ಯೂಷನ್ನು, ಮೂಲವ್ಯಾಧಿ ಎಲ್ಲ ಉದುರಿದವು, ಕೈ ಇದ್ದದ್ದು ನಿಂತಿತು, ಅದ್ಯಾಕ್ರಮ್ಮಾ ಅದೊಂದು ಬಿಟ್ರಿ ಅಂದರೆ ಅದು ಗಟ್ಟಿ ಅಂಟ್ಕೊಂಡದೆ, ಬರಾಕಿಲ್ಲ ಸಾಮಿ. ಎಂಟು ವಾರ ಬರಲಿಲ್ಲ! ಅದನ್ನು ನೆನೆದರೆ ಈಗಲೂ ಮಧುಮತಿಯ ಬೆನ್ನು ಬೆಂಚಿನಿಂದ ತಾನಾಗಿ ನೆಟ್ಟಗಾಗುತ್ತದೆ. ಬೆಳಿಗ್ಗೆ ಆರಕ್ಕೆ ಗೋಡೆಯ ಮುಂದೆ ನಿಂತು ಅವಳು ಗಟ್ಟಿಯಾಗಿ ಓದುವುದು, ಹಾಲು ತರಲು ಹೊರಟವರು, ವಾಕಿಂಗ್ ಬಂದ ಅಂಕಲ್‌ಗಳು ನಿಲ್ಲುವುದು, ಏಳನೇ ವಾರ ಇಪ್ಪತ್ತೆರಡು ಜೊತೆ ಗ್ಲೌಸ್ ಬಂದದ್ದು, ಎಲ್ಲವೂ ಒಂದೇ ಅಳತೆ, ಮೊಣಕೈತನಕ, ಇದೇನ್ ಕೈಗೋ ಕಾಲ್ಗೋ ಎಂದು ಮುನಿಯಕ್ಕ ತೊಟ್ಟು ತೋರಿಸಿದಾಗ ಹಾಜರಿ ಜಾಗವೆಲ್ಲ ನಕ್ಕದ್ದು — ಆದರೂ ಬಂದವು, ಕೇಳಿ ತರಿಸಿದ್ದು, ಯಾರೂ ಕನಿಕರಕ್ಕೆ ಕೊಟ್ಟದ್ದಲ್ಲ.

ಲಾಗ್‌ಬುಕ್ ತೆಗೆದುಕೊಂಡು ಹೋದಾಗ ಮಾತ್ರ ಮುನಿಯಕ್ಕ ಕೈ ಹಿಂದಕ್ಕೆ ಎಳೆದುಕೊಂಡರು. ಏನ್ ಒತ್ಬೇಕು ಇಲ್ಲಿ. ಸಹಿರಿ ಅಕ್ಕಾ, ಇಲ್ಲಾಂದ್ರ ಹೆಬ್ಬೆಟ್ಟು. ಹೆಬ್ಬೆಟ್ಟು ಅವ್ನ್ ಪುಸ್ತಕಕ್ಕೆ ಮೂವತ್ ವರ್ಷ ಒತ್ತಿವ್ನಿ, ಇದಕ್ಕೂ ಅದೇನಾ, ನಮ್ ಪೇಪರ್ಗೆ ಅಂಗೈ ಕೊಟ್ಟಿವ್ನಿ, ಬೇಕಾರೆ ಅಂಗೈ ಒತ್ತುಸ್ಕೊ. ಕಲಂ ಎರಡು ಬೆರಳಗಲ. ಅದರಲ್ಲಿ ಆ ಕೈ ಹಿಡಿಸುವುದಿಲ್ಲ. ಅವಳು ಒತ್ತಾಯ ಮಾಡಲಿಲ್ಲ, ಕಲಂ ಖಾಲಿ ಬಿಟ್ಟಳು, ಅರವತ್ತು ಸಲ ಬಿಟ್ಟಳು. ಕಳೆದ ವಾರ ಸುನಿತಾ ಮೇಡಂ ಸಹಿಯಿಲ್ಲದ ಪುಟಗಳನ್ನು ತಿರುವಿ ತಿರುವಿ ಬೆವರಿದರು, ಮಧು, ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ, ಬನಶಂಕರೀಲಿ ನನ್ನ ಕಸಿನ್ ಈವೆಂಟ್ ಕಂಪನಿ ಇದೆ, ಲೆಟರ್‌ಹೆಡ್ ಕೊಡಿಸ್ತೀನಿ, ನೂರ ಇಪ್ಪತ್ತು ಗಂಟೆ ಅಂತ ಹಾಕ್ಕೊಡ್ತಾನೆ, ಯಾರೂ ಚೆಕ್ ಮಾಡಲ್ಲ, ಎಲ್ಲರೂ ಹಾಗೇ ಮಾಡೋದು. ಮೇಡಂ, ನಾ ಅಲ್ಲಿ ಕೆಲಸ ಮಾಡೇ ಇಲ್ರಿ. ಇಲ್ಲಿ ಮಾಡಿದ್ದೀಯಾ ಅಂತ ಯಾರು ನಂಬ್ತಾರೆ ಹೇಳು, ಒಪ್ಪಿಗೆಗೆ ಸಹಿ ಹಾಕಿದವಳು ನಾನು, ನನ್ನದೂ ಕಾಂಟ್ರಾಕ್ಟ್ ಕೆಲಸ ಕಣೇ, ಜೂನ್‌ನಲ್ಲಿ ರಿನ್ಯೂ ಆಗ್ಬೇಕು. ಅದನ್ನು ಕೇಳಿದ ಮೇಲೆ ಮಧುಮತಿಗೆ ಮೇಡಂ ಮೇಲೆ ಸಿಟ್ಟು ಮಾಡಲು ಆಗಲಿಲ್ಲ, ಇವರೂ ಯಾವನದೋ ಪುಸ್ತಕಕ್ಕೆ ಒತ್ತುವವರೇ, ಹೆಬ್ಬೆಟ್ಟಿನ ಬದಲು ಇಂಗ್ಲಿಷಿನಲ್ಲಿ. ಆದರೂ ಲೆಟರ್‌ಹೆಡ್ ಬೇಡ ಅಂದಳು, ಗೋಡೆಯೇ ಇದೆಯಲ್ಲ, ಬಂದು ನೋಡಲಿ ಅಂದುಕೊಂಡಳು, ಮೊನ್ನೆ ನೋಡಿದರೆ ಗೋಡೆಯೇ ಇಲ್ಲ, ಮೋರಿ ಅಗಲ ಮಾಡಲು ಜೆಸಿಬಿ ಬಂದು ಕಾಂಪೌಂಡು ಕೆಡವಿತ್ತು, ಇಟ್ಟಿಗೆ, ಗಾರೆ, ಧೂಳು, ಅವಳು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು, ಒಂಬತ್ತು ವಾರ, ಒಂದು ತುಣುಕು ಸಾಕ್ಷಿಯಿಲ್ಲ. ಆಗ ಮುನಿಯಕ್ಕ ತಳ್ಳುಗಾಡಿ ತಳ್ಳಿಕೊಂಡು ಬಂದರು, ಕಸದ ಮೇಲೆ ಸೀರೆಯ ಗಂಟು, ಮಿಷನ್ ಬರೋಕ್ ಮುಂಚೇನೇ ಉಳಿ ಹಾಕಿ ಎಬ್ಬಿಸ್ಕೊಂಡೆ ಕಣಮ್ಮೀ, ಮೂವತ್ ವರ್ಷ ಕೆರೆದಿರೋ ಕೈ, ಹೆಂಗ್ ಎಬ್ಬಿಸ್ಬೇಕು ಅಂತ ಗೊತ್ತಿಲ್ವಾ.

ಮಧುಮತಿ, ಒಳಗೆ ಬಾಮ್ಮಾ. ಸುಮನ್ ಹೆಬ್ಬೆರಳು ಎತ್ತಿ ತೋರಿಸುತ್ತಾ ಹೊರಗೆ ಹೋಗುತ್ತಾನೆ, ಅವಳು ಗಂಟನ್ನು ಅವುಚಿಕೊಂಡು ಒಳಗೆ, ಫ್ಯಾನು, ಗಾಜು ಹಾಸಿದ ಮೇಜು, ವಿಭಾಗದ ಮುಖ್ಯಸ್ಥ ಗೌರೀಶಂಕರ ಸರ್, ಪಕ್ಕದಲ್ಲಿ ಕಣ್ಣು ತಗ್ಗಿಸಿದ ಸುನಿತಾ ಮೇಡಂ. ಸರ್ ಲಾಗ್‌ಬುಕ್ ತಿರುವುತ್ತಾರೆ, ತಿರುವುತ್ತಲೇ ಇದ್ದಾರೆ, ಕೆಲಸ ಎಲ್ಲಾ ಬರೆದಿದ್ದೀಯ, ಸಹಿ ಎಲ್ಲಮ್ಮಾ, ಪಬ್ಲಿಷ್ ಆಗಿರೋದು ಎಲ್ಲಿ. ಐತ್ರಿ ಸರ್. ಸೀರೆ ಬಿಚ್ಚುತ್ತಾಳೆ, ಗಾಜಿನ ಮೇಲೆ ಗಾರೆಯ ಪುಡಿ ಸುರಿಯುತ್ತದೆ, ಮೊರದಷ್ಟಗಲದ ಗೋಡೆ ಚೂರು, ಅದಕ್ಕೆ ಅಂಟಿದ ಕಾಗದ, ದಪ್ಪ ಅಕ್ಷರದಲ್ಲಿ ಗ್ಲೌಸ್ ಎಲ್ಲಿ, ಕೆಳಗೆ ಹನ್ನೊಂದು ಸಾಲು, ಅದರ ಕೆಳಗೆ ಕೈ. ಅವಳು ಓದಲಿಲ್ಲ, ನೋಡದೆಯೇ ಹೇಳಿದಳು, ಹಾಜರಿ ಜಾಗದಲ್ಲಿ ಹೇಳಿದ ಹಾಗೆ, ಗಟ್ಟಿಯಾಗಿ, ಯಲಬುರ್ಗಾದ ಬಾಯಲ್ಲಿ, ಯಾರ ಕೈ, ಯಾವ ರಸ್ತೆ, ಯಾವತ್ತು. ಹೊರಗೆ ಸ್ಕೇಲಿನ ಸದ್ದು ನಿಂತಿತು. ಇದನ್ನ ಫೈಲ್ ಮಾಡೋದು ಹೇಗಮ್ಮಾ, ಗೌರೀಶಂಕರ ಸರ್ ಅಂದರು. ಬೀರು ಮೇಲೆ ಜಾಗ ಇದೆ ಸಾರ್ — ಇದು ಬಾಗಿಲಿನಿಂದ ಗೂಳಪ್ಪ. ಸರ್ ನಗಲಿಲ್ಲ, ಬೈಯಲೂ ಇಲ್ಲ, ಪೆನ್ನಿನ ಮುಚ್ಚಳ ತೆಗೆದರು, ಮೇಲ್ವಿಚಾರಕರ ಹೆಸರು? ಮುನಿಯಕ್ಕ, ಸರ್. ಹುದ್ದೆ? ಸಂಪಾದಕರು, ಸರ್. ಅವರು ತಲೆಯೆತ್ತಿ ಇವಳನ್ನು ನೋಡಿದರು, ಇವಳು ಕಣ್ಣು ತಗ್ಗಿಸಲಿಲ್ಲ, ಯಾಕೆ ತಗ್ಗಿಸಬೇಕು, ಸೊನ್ನೆ ಕೊಟ್ಟರೆ ಮುಂದಿನ ವರ್ಷ ಇನ್ನೊಂದು ಗೋಡೆ, ಇನ್ನೂ ನೂರ ಇಪ್ಪತ್ತು ಗಂಟೆ, ಅಣ್ಣ ಅಂಟು ಕುದಿಸುತ್ತಾನೆ — ಪೆನ್ನು ಹೆಸರು ಬರೆಯಿತು, ಹುದ್ದೆ ಬರೆಯಿತು, ಕ್ರೆಡಿಟ್ಟಿನ ಕಲಮಿಗೆ ಇಳಿಯಿತು, ಓರೆಯಾಗಿ ಒಂದು ಗೆರೆ ಎಳೆಯುತ್ತಿದೆ, ಸೊನ್ನೆ ಹಾಗೆ ಶುರುವಾಗುವುದಿಲ್ಲ, ನಾಲ್ಕು ಹಾಗೆ ಶುರುವಾಗುತ್ತದೆ, ಆದರೆ ಅವಳು ಈಗ ಪೆನ್ನು ನೋಡುತ್ತಿಲ್ಲ, ಗಾಜಿನ ಮೇಲೆ ಮಲಗಿದ ಗೋಡೆಯನ್ನು ನೋಡುತ್ತಿದ್ದಾಳೆ, ಕೆಮ್ಮಣ್ಣು, ಐದು ಬೆರಳು, ಇಡೀ ಅಂಗೈ, ನಡುವೆ ಅಡ್ಡಕ್ಕೆ, ಮಣ್ಣು ಹಿಡಿಯದ ಆ ಬಿಳೀ ಗೆರೆ.