ಐನೊ ಹಿಡಿದ ಸಾಣೆ

ಚರ್ಚಿನ ಮೂರನೆಯ ಮೆಟ್ಟಿಲಿನಲ್ಲಿ ಕ್ಲಿಫ್ ಬೊಡ್ನಾರನ ಕಾಲು ಜಾರಿತು. ಶವಪೆಟ್ಟಿಗೆ ಅವನ ಕಡೆಗೆ ವಾಲಿತು. ಉಳಿದ ಐವರು ಹಿಡಿಕೆಗಳನ್ನು ಬಿಗಿಹಿಡಿದು, ಐನೊ ರೌತಿಯೊ ಹಿಮದ ಪಾಲಾಗದಂತೆ ಹೇಗೋ ತಡೆದರು. ಸಾವರಿಸಿಕೊಂಡು ನಿಂತ ಕ್ಲಿಫ್ ಪೆಟ್ಟಿಗೆಯತ್ತ ಬಗ್ಗಿ, ಬೀದಿಯ ಆಚೆಯವರಿಗೂ ಕೇಳುವಂತೆ ಹೇಳಿದ:

"ಏನಯ್ಯಾ ಐನೊ, ನನ್ನ ಬೂಟಿಗೂ ನೀನೇ ಸಾಣೆ ಹಿಡಿದ್ಯಾ?"

ಹೊತ್ತವರು ನಕ್ಕರು. ಬಾಗಿಲಲ್ಲಿ ನಿಂತಿದ್ದ ಪಾದ್ರಿ ಕೆಮ್ಮಿದಂತೆ ಮಾಡಿ ಮುಖ ಆ ಕಡೆ ತಿರುಗಿಸಿದರು. ಹಿಂದೆ ಕಂಬಿ ಹಿಡಿದು ಮೆಟ್ಟಿಲೇರುತ್ತಿದ್ದ ಹೆಲ್ವಿ ನಗಲಿಲ್ಲ. ಗಂಡನ ಮೇಲಿನ ಈ ತಮಾಷೆಯನ್ನು ಅವಳು ಇಪ್ಪತ್ತೇಳು ವರ್ಷದಿಂದ ಕೇಳುತ್ತಲೇ ಬಂದಿದ್ದಳು. ಊರಿನಲ್ಲಿ ಯಾರ ಮನೆಯ ಚಾಕು ಬ್ರೆಡ್ಡನ್ನು ಕೊಯ್ಯದಿದ್ದರೂ 'ಐನೊ ಸಾಣೆ ಹಿಡಿದಿರಬೇಕು' ಎನ್ನುವುದು ವಾಡಿಕೆಯಾಗಿಬಿಟ್ಟಿತ್ತು. ಸತ್ತ ಮೇಲಾದರೂ ಬಿಡಬಾರದೇ ಎಂದುಕೊಂಡಳು.

ಐನೊ ಒಂದು ಕಾಲದಲ್ಲಿ ಊರಿನ ಐಸ್ ಹಾಕಿ ತಂಡದ ಕೈಯಾಳು. ಸಂಬಳಕ್ಕೆ ಆಡುವವರ ತಂಡ. ದೊಡ್ಡ ಲೀಗಿನವರು ಆಗಾಗ ಬಂದು, ಸಂತೆಯಲ್ಲಿ ಕರು ಆರಿಸುವಂತೆ ಒಬ್ಬಿಬ್ಬರನ್ನು ಆರಿಸಿಕೊಂಡು ಹೋಗುತ್ತಿದ್ದರು. ಸ್ಕೇಟಿನ ಅಲಗಿಗೆ ಸಾಣೆ ಹಿಡಿಯುವುದು, ಬ್ಯಾಂಡೇಜು ಸುತ್ತುವುದು, ಪ್ರಜ್ಞೆ ತಪ್ಪಿದವರ ಮೂಗಿಗೆ ಘಾಟಿನ ಸೀಸೆ ಹಿಡಿಯುವುದು, ಆಟಗಾರರ ಬೆಂಚಿನ ಬಾಗಿಲು ತೆಗೆದು ಹಾಕುವುದು, ಎಲ್ಲ ಅವನದೇ. ಸಾಣೆಯಲ್ಲಿ ಅವನನ್ನು ಮೀರಿಸುವವರು ಸರೋವರದ ಈ ದಂಡೆಯಲ್ಲಿ ಯಾರೂ ಇರಲಿಲ್ಲ. ಇದನ್ನು ಈಗ ನಂಬುವವಳು ಹೆಲ್ವಿ ಒಬ್ಬಳೇ.

ಪ್ರಾರ್ಥನೆ ಮುಗಿದ ಮೇಲೆ, ಫಿನ್‌ಲೆಂಡಿನಿಂದ ಬಂದು ನೆಲೆಸಿದವರ ಪದ್ಧತಿಯಂತೆ ಒಬ್ಬೊಬ್ಬರೇ ಹೂವಿಟ್ಟು, ಚೀಟಿಯಲ್ಲಿ ಬರೆದ ಮಾತನ್ನು ಗಟ್ಟಿಯಾಗಿ ಓದಿದರು. ಮೊದಲು ಹೆಲ್ವಿ. "ಹೋಗಿರು, ಐನೊ. ಉಗಿಸ್ನಾನಕ್ಕೆ ಸೌನಾದ ಒಲೆ ಹಚ್ಚಿಟ್ಟಿರು, ನಾನೂ ಬರ್ತೀನಿ," ಎಂದು ಓದಿದಳು.

ಆಮೇಲೆ ಕೊಲೆಟ್ ಮೆಕ್‌ಫೀ, ಗಂಡ ಲೋರ್ನನ ಕೈ ಹಿಡಿದು ನಡೆಸಿಕೊಂಡು ಬಂದಳು. ಐವತ್ತೈದರ ಲೋರ್ನ್, ಕ್ಲಿಫ್‌ನ ಜೊತೆ ಅದೇ ತಂಡದಲ್ಲಿ ಆಡಿದವನು, ಪೆಟ್ಟಿಗೆಯನ್ನು ನೋಡಿದ, ಜನರನ್ನು ನೋಡಿದ, ಹೂವನ್ನು ಮಾತ್ರ ಬಿಡಲೊಲ್ಲ. ಕೊಲೆಟ್ ಒಂದೊಂದೇ ಬೆರಳು ಬಿಡಿಸಿ ಹೂವನ್ನು ಇಡಿಸಿದಳು. ಚೀಟಿ ಓದಿದಳು: "ಎಲ್ಲಾ ಭಾನುವಾರಗಳಿಗೂ ನಾವು ಋಣಿ, ಐನೊ. ನಿಮ್ಮಷ್ಟು ಒಳ್ಳೆಯವರು ನಮ್ಮ ಪಾಲಿಗೆ ಬೇರೆ ಯಾರೂ ಬರಲಿಲ್ಲ."

ಹೆಲ್ವಿ ತಲೆ ತಗ್ಗಿಸಿದಳು. ಐನೊ ಒಂದು ಭಾನುವಾರವೂ ತಪ್ಪಿಸದೆ ಲೋರ್ನನ ಗಡ್ಡ ಹೆರೆಯಲು ಹೋಗುತ್ತಿದ್ದ. ಯಾಕೆ ಹೋಗುತ್ತಿದ್ದ ಎಂಬುದು ಹೆಲ್ವಿಗೆ ಗೊತ್ತಿತ್ತು. ಕೊಲೆಟ್‌ಗೆ ಗೊತ್ತಿರಲಿಲ್ಲ.

*

ಇಪ್ಪತ್ತೇಳು ವರ್ಷದ ಹಿಂದೆ, ಜನವರಿಯ ಒಂದು ಆಟದಲ್ಲಿ ಹೆಲ್ವಿ ಬೆಂಚಿನ ಹಿಂದಿನ ಸಾಲಿನಲ್ಲೇ ಕುಳಿತಿದ್ದಳು. ಲೋರ್ನ್ ಅಂಚಿನ ಹಲಗೆಯ ಹತ್ತಿರ ಪಕ್ಕ್ ಎನ್ನುವ ರಬ್ಬರ್ ಬಿಲ್ಲೆಯನ್ನು ಹೊಡೆಯಲು ಬಗ್ಗಿದ್ದಾಗ ಎದುರಾಳಿಯೊಬ್ಬ ಮೊಣಕೈ ಎತ್ತಿಕೊಂಡು ನುಗ್ಗಿದ. ಲೋರ್ನನ ಬರಿತಲೆ ಹಲಗೆಯ ಮೇಲಿನ ಗಾಜಿಗೆ ಬಡಿದ ಸದ್ದು ಬ್ಯಾಂಡಿನ ಗದ್ದಲದಲ್ಲೂ ಕೇಳಿಸಿತು. ಆಗಿನ್ನೂ ಶಿರಸ್ತ್ರಾಣ ಹಾಕುವವರನ್ನು ಹೆಣ್ಣಿಗ ಎನ್ನುತ್ತಿದ್ದರು.

ಐನೊ ರಬ್ಬರ್ ಬೂಟಿನಲ್ಲೇ ಐಸಿನ ಮೇಲೆ ಓಡಿ, ಘಾಟಿನ ಸೀಸೆ ಹಿಡಿದು, ಅವನನ್ನು ನಡೆಸಿಕೊಂಡು ಬಂದ. ಐದು ನಿಮಿಷ ಕಳೆಯಿತು.

"ಏನಂತಾನೆ?" ಎಂದ ಕೋಚ್, ಆಟದಿಂದ ಕಣ್ಣು ತೆಗೆಯದೆ.

"ಯಾವ ಊರು ಅಂತ ಕೇಳಿದೆ, ಸ್ವಲ್ಪ ಯೋಚನೆ ಮಾಡಿ ಹೇಳಿದ."

"ಹೇಳಿದ ತಾನೇ? ಆಡ್ತಾನೋ ಇಲ್ವೋ?"

"ನಾನು ಚೆನ್ನಾಗಿದೀನಿ, ಐನೊ. ಬಾಗಿಲು ತೆಗಿ," ಎಂದ ಲೋರ್ನ್.

ಐನೊ ಅವನ ಕಣ್ಣನ್ನು ನೋಡಿದ. ಒಂದು ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು. ಆಮೇಲೆ ಕೋಚಿನ ಬೆನ್ನನ್ನು ನೋಡಿದ. "ಆಡ್ತಾನೆ," ಎಂದು ಬಾಗಿಲು ತೆಗೆದ.

ಹತ್ತು ನಿಮಿಷದಲ್ಲಿ ಲೋರ್ನನ ತಲೆಗೆ ಇನ್ನೊಂದು ಏಟು ಬಿತ್ತು. ಮಾರ್ಚಿ ಹೊತ್ತಿಗೆ ಅವನಿಗೆ ರಿಂಕ್ ಎನ್ನುವ ಐಸಿನ ಅಂಗಳದಿಂದ ಮನೆಗೆ ಹೋಗುವ ದಾರಿ ಮರೆತುಹೋಗಿತ್ತು.

*

ಚರ್ಚಿನ ನೆಲಮಾಳಿಗೆಯಲ್ಲಿ ಬಟಾಣಿ ಸಾರು, ಏಲಕ್ಕಿ ಹಾಕಿ ಜಡೆ ಹೆಣೆದ ಬ್ರೆಡ್ಡು, ಉಪ್ಪಿನಲ್ಲಿ ಹಾಕಿದ ಮೀನು, ಕೊಳಗಗಟ್ಟಲೆ ಕಾಫಿ. ಪೆಟ್ಟಿಗೆ ಸ್ಮಶಾನದ ಕಲ್ಲುಕೋಣೆ ಸೇರಿತ್ತು. ಹೆಪ್ಪುಗಟ್ಟಿದ ನೆಲ ಮೇ ತಿಂಗಳಲ್ಲಿ ಸಡಿಲಾಗುವ ತನಕ ಐನೊ ಅಲ್ಲೇ ಕಾಯಬೇಕು. ಕ್ಲಿಫ್ ತಟ್ಟೆ ತುಂಬಿಸಿಕೊಂಡು ಬಂದು ಹೆಲ್ವಿಯ ಎದುರಿಗೇ ಕುಳಿತ. ಅವಳ ಪಕ್ಕದಲ್ಲಿ ಕೊಲೆಟ್ ಲೋರ್ನನಿಗೆ ಸಾರು ಕುಡಿಸುತ್ತಿದ್ದಳು.

"ತಪ್ಪು ತಿಳ್ಕೋಬೇಡಿ, ಮಿಸೆಸ್ ರೌತಿಯೊ," ಎಂದ ಕ್ಲಿಫ್. "ಗೋಳು ಹುಯ್ಕೊಳ್ದೆ ಕಳಿಸಿದ್ರೆ ಮುದುಕನಿಗೇ ಬೇಜಾರಾಗ್ತಿತ್ತು."

"ಇರಲಿ ಬಿಡು. ಡೇರಿಲ್‌ಗೆ ಮಂಗಳವಾರ ಏಟು ಬಿತ್ತಂತೆ? ರೇಡಿಯೋದಲ್ಲಿ ಹೇಳಿದ್ರು."

ಡೇರಿಲ್ ಕ್ಲಿಫ್‌ನ ಮಗ. ಇಪ್ಪತ್ತೆರಡು ವರ್ಷ. ಎರಡು ಪ್ರಾಂತ್ಯ ಆಚೆಯ ತಂಡವೊಂದರಲ್ಲಿ ಸಂಬಳಕ್ಕೆ ಆಡುತ್ತಿದ್ದ.

"ಅಯ್ಯೋ, ಅದಾ? ಪಕ್ಕ್ ಇವನ ಹತ್ರ ಇರಲೇ ಇಲ್ಲ. ಎದುರು ತಂಡದ ದಡಿಯ ಪಕ್ಕದಿಂದ ಬಂದು ದವಡೆಗೆ ಭುಜ ಕೊಟ್ಟ. ಅವನಿಗೆ ಐದು ಆಟ ನಿಷೇಧ. ನಮ್ಮವನು ಸ್ವಲ್ಪ ಹೊತ್ತು ಮಲಗಿಬಿಟ್ಟ, ಅಷ್ಟೇ. ಇವತ್ತು ಸಂಜೆ ಏಳಕ್ಕೆ ಆಡ್ತಾನೆ. ಮೇಲಿನ ಕ್ಲಬ್ಬಿನವರು ನೋಡೋಕೆ ಬರ್ತಿದಾರೆ. ನನಗೆ ತಪ್ಪಿದ್ದು ಅವನಿಗೆ ಸಿಗುತ್ತೆ ನೋಡಿ."

"ತಲೆ ಸರಿಯಾಯ್ತಾ?"

"ಲೈಟ್ ನೋಡಿದ್ರೆ ವಾಂತಿ ಬಂದಂಗಾಗುತ್ತಂತೆ. ಆಗುತ್ತೆ, ನನಗೂ ಆಗಿತ್ತು."

"ಡಾಕ್ಟರು ಹೇಗೆ ಬಿಟ್ರು?"

ಕ್ಲಿಫ್ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ. ಹೆಮ್ಮೆ ಮಾತ್ರ ತಗ್ಗಲಿಲ್ಲ. "ಈಗ ಕಂಪ್ಯೂಟರ್ ಮುಂದೆ ಕೂರಿಸಿ ಪರೀಕ್ಷೆ ಮಾಡ್ತಾರೆ. ಆಟದ ಕಾಲ ಶುರುವಾಗೋ ಮುಂಚೆ ಒಂದು ಸಲ, ತಲೆಗೆ ಏಟು ಬಿದ್ದಾಗ ಇನ್ನೊಂದು ಸಲ. ಎರಡನ್ನೂ ತಾಳೆ ನೋಡ್ತಾರೆ. ನಾನು ಆಗಸ್ಟಲ್ಲೇ ಹೇಳಿಕೊಟ್ಟಿದ್ದೆ: ಮೊದಲನೇದರಲ್ಲಿ ದಡ್ಡ ಶಿಖಾಮಣಿ ಥರ ಮಾಡೋ, ಮಗನೇ ಅಂತ. ಈಗ ಏಟು ಬಿದ್ದ ಮೇಲೂ ಅಷ್ಟೇ ಅಂಕ ಬಂತು. ಪಾಸು! ಎಲ್ಲಾ ಹುಡುಗರೂ ಹೀಗೇ ಮಾಡ್ತಾರೆ."

ಪಕ್ಕದ ಮೇಜಿನವರು ಕೇಳಿಸಿಕೊಂಡು ನಕ್ಕರು. ಹೆಲ್ವಿ ಗೋಡೆಯ ಗಡಿಯಾರ ನೋಡಿದಳು. ಮೂರಕ್ಕೆ ಹತ್ತು ನಿಮಿಷ. ಬಾಯಿ ಬಿಟ್ಟರೆ ಐನೊನ ಸಾಣೆಗೆ ಅಂಟಿದ ಕಳಂಕ ತೊಳೆದುಹೋಗುತ್ತದೆ, ಆ ಹುಡುಗನೂ ಉಳಿಯಬಹುದು. ಆದರೆ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಲೋರ್ನನಿಗೆ ಬಾಗಿಲು ತೆಗೆದವರು ಯಾರು ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಅದನ್ನು ಕೇಳಬಾರದವಳು ಪಕ್ಕದಲ್ಲೇ ಸಾರು ಆರಿಸುತ್ತ ಕುಳಿತಿದ್ದಳು.

*

ಲೋರ್ನನಿಗೆ ಏಟು ಬಿದ್ದ ವರ್ಷವೇ, ಮಾರ್ಚಿಯ ಒಂದು ಭಾನುವಾರ ಮಧ್ಯಾಹ್ನ ಐನೊ ಸೌನಾದ ಮೇಲಿನ ಹಲಗೆಯಲ್ಲಿ ಕುಳಿತು, ಕಾದ ಕಲ್ಲಿಗೆ ನೀರು ಚಿಮುಕಿಸುವುದನ್ನೂ ಮರೆತಿದ್ದ. ಹಿಂದಿನ ದಿನ ದೊಡ್ಡ ಲೀಗಿನವರು ಕ್ಲಿಫ್‌ನನ್ನು ನೋಡಲು ಬಂದಿದ್ದರು. ಕ್ಲಿಫ್ ಐಸಿಗಿಳಿದವನು ಮೂರು ಸಲ ತಾನೇ ತಾನಾಗಿ ಬಿದ್ದ. ಐನೊ ಮತ್ತೆ ಸಾಣೆ ಹಿಡಿದುಕೊಟ್ಟ, ಅವನು ಮತ್ತೆ ಬಿದ್ದ. ಕೋಚ್ ಉಗಿದು ಬೆಂಚಿನಲ್ಲಿ ಕೂರಿಸಿದ. ಬಂದವರು ಇನ್ನೊಬ್ಬನ ಹೆಸರು ಬರೆದುಕೊಂಡು ಹೊರಟುಹೋದರು.

"ನಿನ್ನ ಕೈಗೇನಾಯ್ತು? ಊರೆಲ್ಲಾ ಆಡ್ಕೋತಿದೆ," ಎಂದಿದ್ದಳು ಹೆಲ್ವಿ.

"ಕೈಗೇನೂ ಆಗಿಲ್ಲ. ಸಾಣೆ ಹಿಡಿದೆ. ಆಮೇಲೆ ಮೊಂಡಾಗಲಿ ಅಂತ ಅಲಗನ್ನ ಬಾಗಿಲಿನ ಕಬ್ಬಿಣದ ಅಂಚಿಗೆ ಎಳೆದೆ. ಎರಡು ಸಲಾನೂ."

"ಏನಂದೆ?"

"ಗುರುವಾರ ಅವನ ತಲೆಗೆ ಏಟು ಬಿದ್ದಿತ್ತು. ಬಸ್ಸಲ್ಲಿ ದಾರಿಯುದ್ದಕ್ಕೂ ವಾಂತಿ. ಯಾರಿಗೂ ಹೇಳಬೇಡ ಅಂತ ನನ್ನ ಕೈ ಹಿಡ್ಕೊಂಡ. ನಾನು ಕೋಚಿಗೆ ಹೇಳಿದೆ. 'ನೀನು ಸ್ಕೇಟ್ ನೋಡ್ಕೋ, ತಲೆ ನಾನು ನೋಡ್ಕೋತೀನಿ' ಅಂದ."

"ಹುಡುಗನಿಗಾದ್ರೂ ನಿಜ ಹೇಳು! ನಿನ್ನ ಅನ್ನಕ್ಕೆ ಕಲ್ಲು ಬೀಳುತ್ತೆ."

"ಹೇಳಿದ್ರೆ, ನಾನು ಚೆನ್ನಾಗಿದ್ದೆ ಅಂತ ತೋರಿಸೋಕೆ ನಾಳೇನೇ ಹೋಗಿ ಇನ್ನೊಂದು ಏಟು ತಿಂತಾನೆ. ಬೈದ್ರೆ ಬೈಯಲಿ, ಹೆಲ್ವಿ. ಬದುಕಿರೋರು ತಾನೇ ಬೈಯೋದು?" ಐನೊ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. "ಲೋರ್ನ್‌ಗೆ ಬಾಗಿಲು ತೆಗೆದೆ. ಇನ್ನೊಬ್ಬನಿಗೆ ತೆಗೆಯೋಕೆ ನನ್ನಿಂದಾಗಲ್ಲ."

ಆ ಬೇಸಿಗೆಯಲ್ಲಿ ತಂಡದವರು ಅವನನ್ನು ಕಿತ್ತುಹಾಕಿದರು. ಉಳಿದ ಕಾಲವನ್ನು ಅವನು ಕಾಗದದ ಗಿರಣಿಯಲ್ಲಿ ಕಳೆದ. ಊರಿನ ಮಕ್ಕಳ ಸ್ಕೇಟುಗಳು ಕೂಡ ಸಾಣೆಗೆ ಅವನ ಮನೆಯನ್ನು ದಾಟಿ ಹಾರ್ಡ್‌ವೇರ್ ಅಂಗಡಿಗೆ ಹೋದವು. ಅವು ಹೋಗುವುದನ್ನು ಅವನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. ಕ್ಲಿಫ್‌ಗೆ ದೊಡ್ಡ ಲೀಗಿನ ಕರೆ ಮತ್ತೆ ಬರಲಿಲ್ಲ. ರೈಲ್ವೆಗೆ ಸೇರಿದ, ಮದುವೆಯಾದ, ಮೈ ಬಂತು, ಊರಿಗೆಲ್ಲ ಬೇಕಾದವನಾದ.

*

"ಕ್ಲಿಫ್, ಅವನಿಗೆ ಫೋನ್ ಮಾಡು. ಆಡಬೇಡ ಅನ್ನು," ಎಂದಳು ಹೆಲ್ವಿ.

"ಒಳ್ಳೇ ಕತೆ! ಯಾಕೆ?"

"ಅವತ್ತು ನಿನ್ನ ಅಲಗು ಕೈತಪ್ಪಿ ಮೊಂಡಾಗಿದ್ದಲ್ಲ. ಐನೊ ಬೇಕಂತಲೇ ಮೊಂಡು ಮಾಡಿದ್ದು. ನಿನ್ನ ತಲೆ ನೆಟ್ಟಗಿರಲಿಲ್ಲ. ನಿನ್ನನ್ನ ತಡೆಯೋಕೆ ಅವನಿಗೆ ಬೇರೆ ದಾರಿ ಇರಲಿಲ್ಲ."

ಕ್ಲಿಫ್ ನಗಲು ಹೊರಟು ಅರ್ಧಕ್ಕೆ ನಿಲ್ಲಿಸಿದ. ಹೆಲ್ವಿಯ ಮುಖ ನೋಡಿದ. ಅವನ ಕತ್ತು ಕೆಂಪಾಯಿತು.

"ಬೇಕಂತಾ? ನನ್ನ ಬದುಕನ್ನೇ ತಿಂದುಹಾಕಿದನಲ್ರೀ! ಯಾರು ಕೊಟ್ರು ಅವನಿಗೆ ಆ ಅಧಿಕಾರ?"

"ಯಾರೂ ಕೊಡಲಿಲ್ಲ. ಅದಕ್ಕೇ ಕದ್ದು ಮಾಡಿದ."

"ನಾನು ಚೆನ್ನಾಗಿದ್ದೆ!"

"ಲೋರ್ನ್ ಕೂಡ ಹಾಗೇ ಅಂದಿದ್ದ."

ಕೊಲೆಟ್‌ಳ ಚಮಚ ಗಾಳಿಯಲ್ಲೇ ನಿಂತಿತು. "ಲೋರ್ನ್ ಯಾರ ಹತ್ರ ಹಾಗಂದ, ಹೆಲ್ವಿ?"

ಕೋಚಿನ ಹತ್ತಿರ ಎಂದುಬಿಡಬಹುದಿತ್ತು. ಕೋಚ್ ಸತ್ತು ಹದಿನೈದು ವರ್ಷವಾಗಿತ್ತು, ಎದ್ದು ಬಂದು ಅಲ್ಲಗಳೆಯುತ್ತಿರಲಿಲ್ಲ. ಹೆಲ್ವಿಯ ನಾಲಿಗೆಯ ತುದಿಗೂ ಬಂತು. ಆದರೆ ಈ ಎಲ್ಲಾ ಹಾಳು ಒಂದು ಸುಳ್ಳಿನಿಂದಲೇ ತಾನೇ ಆದದ್ದು?

"ಐನೊ ಹತ್ರ. ಅವನು ಆಡ್ತಾನೆ ಅಂದದ್ದೂ ಐನೊ, ಬಾಗಿಲು ತೆಗೆದದ್ದೂ ಐನೊ."

"ಡಾಕ್ಟರು ನೋಡಿ ಕಳಿಸಿದ್ರು ಅಂತ ತಂಡದವರು ನನಗೆ ಹೇಳಿದ್ರಲ್ಲ."

"ಅವತ್ತು ಡಾಕ್ಟರು ರಿಂಕಿನಲ್ಲೇ ಇರಲಿಲ್ಲ."

ಕೊಲೆಟ್ ಚಮಚವನ್ನು ಮೇಜಿನ ಆಚೆಗೆ ಚಾಚಿ ಕ್ಲಿಫ್‌ನ ಕೈಯಲ್ಲಿಟ್ಟಳು. "ಸ್ವಲ್ಪ ಕುಡಿಸು. ಬಿಸಿ ಇದ್ರೆ ಉಗೀತಾನೆ, ಊದಿ ಕೊಡು," ಎಂದು ಎದ್ದು ಮೆಟ್ಟಿಲು ಹತ್ತಿ ಹೊರಟುಹೋದಳು. ಕೋಟನ್ನೂ ತೆಗೆದುಕೊಳ್ಳಲಿಲ್ಲ.

ಲೋರ್ನ್ ಬಾಯಿ ತೆರೆದು ಕಾಯುತ್ತಿದ್ದ. ಕ್ಲಿಫ್ ಒಂದು ಚಮಚ ಸಾರು ತುಂಬಿ, ಊದಿ, ಕುಡಿಸಿದ. ಅರ್ಧ ಗದ್ದಕ್ಕೆ ಚೆಲ್ಲಿತು. ತನ್ನ ಕರವಸ್ತ್ರದಿಂದ ಒರೆಸಿದ. ಒಂದೇ ಕೋಣೆಯಲ್ಲಿ ಎರಡು ವರ್ಷ ಇದ್ದ ಗೆಳೆಯರು ಅವರು. ಆದರೆ ಇಷ್ಟು ಹತ್ತಿರದಿಂದ ಕ್ಲಿಫ್ ಅವನನ್ನು ನೋಡಿ ಎಷ್ಟು ಕಾಲವಾಗಿತ್ತೋ. ಹಬ್ಬಕ್ಕೊಮ್ಮೆ ಬೆನ್ನು ತಟ್ಟಿ ಹೋಗುತ್ತಿದ್ದವನು.

"ಯಾರಪ್ಪ ನೀನು?" ಎಂದ ಲೋರ್ನ್, ಬಹಳ ಮರ್ಯಾದೆಯಿಂದ.

"ಕ್ಲಿಫ್ ಕಣೋ."

"ಓ," ಎಂದು ಲೋರ್ನ್ ಮತ್ತೆ ಬಾಯಿ ತೆರೆದ.

ನಾಲ್ಕನೆಯ ಚಮಚದ ಹೊತ್ತಿಗೆ ಕ್ಲಿಫ್ ಎಡಗೈಯಿಂದ ಜೇಬಿನ ಫೋನು ತೆಗೆದು ಗುಂಡಿ ಒತ್ತಿದ.

"ಡೇರಿಲ್? ಊಟ ಆಯ್ತಾ?... ಕೇಳು. ಇವತ್ತು ಬೂಟು ಕಟ್ಟಬೇಡ... ಬರಲಿ ಬಿಡೋ ಅವರು, ಬಂದ ದಾರಿ ಹಿಡೀತಾರೆ. ಆಗಸ್ಟಿನ ಪರೀಕ್ಷೇಲಿ ಏನು ಮಾಡಿದ್ವಿ ಅಂತ ಡಾಕ್ಟರಿಗೆ... ಬೇಡ, ನೀನು ಹೇಳಬೇಡ. ನಾನೇ ಹೇಳ್ತೀನಿ. ಫೋನ್ ಕೊಡು ಅವರಿಗೆ... ಬೈಯೋ, ಎಷ್ಟು ಬೇಕಾದ್ರೂ ಬೈಯಿ. ಫೋನ್ ಕೊಡು." ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಎರಡೂ ಕೈಗೆ ಕೆಲಸವಿದ್ದುದರಿಂದ ಒರೆಸಿಕೊಳ್ಳಲಾಗಲಿಲ್ಲ.

ಹೆಲ್ವಿ ಕುರ್ಚಿಯ ಮೇಲಿದ್ದ ಕೊಲೆಟ್‌ಳ ಕೋಟನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಹೊರಗೆ ಸಣ್ಣಗೆ ಹಿಮ ಬೀಳುತ್ತಿತ್ತು. ಕೊಲೆಟ್ ಚರ್ಚಿನ ಗೋಡೆಗೆ ಮುಖ ಮಾಡಿ, ತೋಳುಗಳನ್ನು ಅವುಚಿಕೊಂಡು ನಿಂತಿದ್ದಳು.

"ಇಪ್ಪತ್ತೇಳು ವರ್ಷ ಬಂದ," ಎಂದಳು ತಿರುಗದೆ. "ನಾನು ಕಾಫಿ ಮಾಡಿಕೊಡ್ತಿದ್ದೆ. ಒಳ್ಳೇತನಕ್ಕೆ ಬರ್ತಾನೆ ಅಂದ್ಕೊಂಡಿದ್ದೆ."

"ಒಳ್ಳೇತನಕ್ಕೂ ಬರ್ತಿದ್ದ, ಕೊಲೆಟ್."

"ಬಾಯಿ ಬಿಟ್ಟು ಒಂದು ಸಲ ಹೇಳಿದ್ರೆ ಏನಾಗ್ತಿತ್ತು ಅವನಿಗೆ? ನಿಮಗಾದ್ರೂ ಏನಾಗ್ತಿತ್ತು?"

ಹೆಲ್ವಿ ಅವಳ ಹತ್ತಿರ ಹೋದಳು. ಕೋಟನ್ನು ಬಿಡಿಸಿ, ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ಅವಳ ಬೆನ್ನ ಹಿಂದೆ ನಿಂತಳು. ಎಪ್ಪತ್ತನಾಲ್ಕರ ತೋಳುಗಳು ಸೋಲತೊಡಗಿದವು. ಹಿಮ ಕೋಟಿನ ಒಳಮೈಯ ಮೇಲೆಲ್ಲ ಬಿದ್ದು ಕರಗುತ್ತಿತ್ತು. ಬಹಳ ಹೊತ್ತಿನ ಮೇಲೆ ಕೊಲೆಟ್ ಬಲಗೈಯನ್ನು ಹಿಂದಕ್ಕೆ ಚಾಚಿ ಕೋಟಿನ ಒಂದು ತೋಳಿಗೆ ತೂರಿಸಿದಳು. ಎಡಗೈಯನ್ನು ಎದೆಗೆ ಅವುಚಿಕೊಂಡೇ ಇದ್ದಳು. ಕೋಟಿನ ಇನ್ನೊಂದು ತೋಳನ್ನು ಎತ್ತಿ ಹಿಡಿದುಕೊಂಡು ಹೆಲ್ವಿ ನಿಂತೇ ಇದ್ದಳು.