ಚೌಡಿಗೆ ಬಿಟ್ಟ ಹುಂಜ

ನೆರಳು ಹಾಯ್ದು ಹೋಯಿತು, ಸಾರಿಸಿದ ಅಂಗಳದ ಮೇಲೆ, ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲ — ಹೋಯ್! ಅಂತ ಕೂಗಿ ಗಂಗೆ ಚಪ್ಪಾಳೆ ತಟ್ಟಿದಳು, ಗಿಡುಗ ಅಲ್ಲ, ಕಾಗೆ, ಹಾಳಾದ್ದು ಬರೀ ಕಾಗೆ, ಬೆಳಗಿನಿಂದ ತಟ್ಟಿ ತಟ್ಟಿ ಅಂಗೈ ಉರಿಯುತ್ತಿದೆ, ಆ ಎಳೇ ಕೆಂಪು ಹುಂಜ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಬಯಲಲ್ಲೇ ಕೆದಕುತ್ತದೆ, ಮೊಂಡ, ಹಲಸಿನ ಮರದ ಬುಡಕ್ಕೆ ಹೋಗೋ ಅಂದರೆ ಕೇಳುತ್ತದೆಯೇ, ಮಿಕ್ಕ ಕೋಳಿಗಳೆಲ್ಲ ಬುಟ್ಟಿಯಡಿ ಬೆಚ್ಚಗಿವೆ, ಇದಕ್ಕೆ ಬುಟ್ಟಿ ಮುಚ್ಚುವ ಹಾಗಿಲ್ಲ, ಚೌಡಿಗೆ ಬಿಟ್ಟದ್ದು, ಬಿಟ್ಟದ್ದನ್ನ ಮುಚ್ಚಿಟ್ಟರೆ ಹರಕೆ ವಾಪಸು ತಕಂಡ ಹಾಗೆ ಕಾಣೇ, ಅಂದಿದ್ದಳು ಅತ್ತೆ ದ್ಯಾವಮ್ಮ, ಜಯಾಳ ನೆತ್ತಿಗೆ ಹುಂಜವನ್ನು ನಿವಾಳಿಸಿ, ತಾಯೇ, ಮೊಮ್ಮಗಳ ಜ್ವರ ಬಿಡಲಿ, ಅಮಾಸೆಗೆ ಇದನ್ನೇ ಕೊಡ್ತೇವು, ಬೇರೆ ಅಲ್ಲ, ಇದನ್ನೇ — ಯಾಕೆ ಇದನ್ನೇ ಅಂದಳೋ ಮುದುಕಿ, ಒಂದು ಹುಂಜ ಅಂದಿದ್ದರೆ ಸಾಕಿತ್ತಲ್ಲ, ಮಾಗೋಡಿನ ತಮ್ಮನ ಮನೆಯಿಂದ ಇನ್ನೊಂದು ತರಬಹುದಿತ್ತು. ಮಂಚಿಕೇರಿಗೆ ಬಂದ ಮಲೇರಿಯಾದವರು ಗೋಡೆಗೆಲ್ಲ ಔಷಧ ಹೊಡೆದು ಬೆಳ್ಳಗೆ ಮಾಡಿ ಹೋದರು, ಗುಳಿಗೆ ಕೊಟ್ಟರು, ನುಂಗಿದ ಕೂಸು ವಾಂತಿ ಮಾಡಿಕೊಂಡಿತು, ಡಾಕ್ಟರನ್ನು ಕರೆತರುತ್ತೇನೆಂದು ಯಲ್ಲಾಪುರಕ್ಕೆ ಹೋದ ಗಂಡ ತಿಮ್ಮ ಇನ್ನೂ ಬಂದಿಲ್ಲ, ಗಂಡಸರಿಗೆ ಹೊರಡುವುದಕ್ಕೊಂದು ನೆಪ, ಅಯ್ಯೋ ಹಾಗನ್ನಬಾರದು, ಅವನೂ ಅತ್ತಿದ್ದ, ಗೋಡೆಗೆ ಮುಖ ಮಾಡಿ. ಒಳಗಿಂದ ಜಯಾ, ಅವ್ವಾ, ಹುಂಜ ಅದೆಯಾ? ಅದೆ ಮಗಾ. ಮತ್ತೆ ಚಪ್ಪಾಳೆ ಕೇಳೂದಿಲ್ಲ? ಚಪ್ಪಾಳೆ ಕೇಳಿದರೆ ಹುಂಜ ಇದೆ, ಹುಂಜ ಇದ್ದರೆ ತನಗೆ ಗುಣ, ಯಾರು ಹೇಳಿಕೊಟ್ಟರೋ ಕೂಸಿಗೆ, ತಟ್ಟು, ಕೈ ಹರಿದರೂ ತಟ್ಟು.

ಮತ್ತೆ ಏನೋ — ಬಹಳ ಮೇಲೆ, ರೆಕ್ಕೆ ಆಡಿಸದೆ ಸುತ್ತುತ್ತಿದೆ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಎದೆ ಬೆಳ್ಳಗೆ ಕಂಡಿತು, ಬೆಳ್ಳಗೇ ಅಲ್ಲವೇ, ಬೆಳ್ಳಗಿದ್ದರೆ ಗಿಡುಗ ಅಲ್ಲ, ಗರುಡ, ಗರುಡ ಕಂಡರೆ ಎಂಥ ಕೆಲಸವಿದ್ದರೂ ಬಿಟ್ಟು ಕಣ್ಣು ಮುಚ್ಚಿ ಕೈ ಮುಗಿಯಬೇಕು, ಸಣ್ಣವಳಿದ್ದಾಗ ನಾಟಿ ಗದ್ದೆಯಲ್ಲಿ ಅವ್ವ ಸಸಿಯ ಕಟ್ಟು ಕೆಸರಿಗೆ ಹಾಕಿ ಮುಗಿದಿದ್ದಳು, ಅವತ್ತೇ ಕಳೆದುಹೋದ ಎಮ್ಮೆ ತಾನಾಗಿ ಮನೆಗೆ ಬಂದಿತ್ತು, ಬಂತು, ಇಷ್ಟು ದಿನಕ್ಕೆ ಒಂದು ಒಳ್ಳೆಯ ಶಕುನ ಬಂತು, ಗರುಡಪ್ಪಾ, ನನ್ನ ಕೂಸು — ಎರಡು ಕೈ ಸೇರಿತು, ಕಣ್ಣು ಮುಚ್ಚಿತು, ಗುಣ ಮಾಡು ಅನ್ನುವಷ್ಟರಲ್ಲಿ ಗಾಳಿ ಸೀಳಿದ ಸದ್ದು, ಒಂದೇ ಒಂದು ಕೊಕ್ — ಕಣ್ಣು ಬಿಟ್ಟರೆ ಅಂಗಳದಲ್ಲಿ ಕೆಂಪು ಪುಕ್ಕ, ಗದ್ದೆಯಾಚೆ ಭಾರಕ್ಕೆ ತಗ್ಗಿ ತಗ್ಗಿ ಹಾರುವ ಗಿಡುಗ, ಕಾಲಲ್ಲಿ ಚೌಡಿಯ ಹುಂಜ, ಕೂಗು, ಕೂಗೇ, ತಟ್ಟಬೇಕಾದ ಕೈಯಲ್ಲಿ ಮುಗಿದೆ, ತಟ್ಟುವುದಕ್ಕೂ ಇವೇ ಎರಡು, ಮುಗಿಯುವುದಕ್ಕೂ ಇವೇ ಎರಡು, ಕಳ್ಳನಿಗೆ ಕೈ ಮುಗಿದೆಯಲ್ಲೇ ಗಂಗೆ, ಬುಟ್ಟಿ ಮುಚ್ಚಿದ್ದರೆ, ಚೌಡಿ ಸಿಟ್ಟಾದರೂ ಆಗಲಿ ಅಂತ ಮುಚ್ಚಿಬಿಟ್ಟಿದ್ದರೆ — ಅವ್ವಾ, ಹುಂಜ ಅದೆಯಾ? ಅದೆ ಮಗಾ, ಬಾಯಿ ತಾನೇ ಹೇಳಿತು. ಚಪ್ಪಾಳೆ ಹೊಡಿ ಅವ್ವಾ. ಹೊಡಿತೆ, ತಡಿ, ಹೊಡಿತೆ, ಖಾಲಿ ಅಂಗಳಕ್ಕಾದರೂ ಹೊಡೆಯಬೇಕು, ಕೂಸು ಕಿವಿಗೊಟ್ಟು ಕಾಯುತ್ತಿದೆ, ಕೈ ಬಿಡಿಸಬೇಕು, ಬಿಡಿಸಿ ತಟ್ಟಬೇಕು, ಅಷ್ಟೇ — ಎದೆಯ ಮುಂದೆ ಮುಗಿದ ಕೈ, ಮುಗಿದೇ ಇರುವ ಕೈ