ಡಬ್ಬದ ಮೂಲೆಯ ಹೆಸರು

"ಇಷ್ಟೇನಾ ಸಾರ್, ಇಪ್ಪತ್ತೆರಡು ಜೋಡಿ?" ಎಂದಳು ವೇಣಿ, ಮುನಿರಾಜು ಕೊಟ್ಟ ಪಟ್ಟಿಯ ಮೇಲೆ ಬೆರಳಾಡಿಸುತ್ತ.

"ಅಷ್ಟೇ ಕಣಮ್ಮ," ಎಂದ ಮುನಿರಾಜು. ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಅವನಿಗೇ ಆಶ್ಚರ್ಯ.

ಪೀಣ್ಯದ ಆ ಪಂಪು ಕಾರ್ಖಾನೆಯಲ್ಲಿ ಆರ್ಡರೆಲ್ಲ ಹಳೆಯ ಯುನಿಕ್ಸ್ ಕಂಪ್ಯೂಟರಿನಲ್ಲಿ, ಡಬ್ಬದ ಲೇಬಲ್ ಅಚ್ಚಾಗುವುದು ವಿಂಡೋಸ್ ಕಂಪ್ಯೂಟರಿನಲ್ಲಿ. ಒಂದರ ಭಾಷೆ ಇನ್ನೊಂದಕ್ಕೆ ಬಾರದು. ಇಲ್ಲಿಂದ ಅಲ್ಲಿಗೆ ಕೆಲಸ ಒಯ್ಯಲು ಮನುಷ್ಯರಲ್ಲದ ನೌಕರರಿದ್ದರು. ಬರೀ ಹೆಸರು, ಪಾಸ್‌ವರ್ಡು, ಅಷ್ಟೇ. ಸರ್ವಿಸ್ ಅಕೌಂಟ್ ಎನ್ನುತ್ತಾರೆ. ಆ ಯಂತ್ರದಲ್ಲೊಂದು ಹೆಸರು, ಈ ಯಂತ್ರದಲ್ಲೊಂದು. ಯಾವುದಕ್ಕೆ ಯಾವುದು ಜೋಡಿ ಎಂಬುದು ಹನ್ನೊಂದು ವರ್ಷದಿಂದ ಮುನಿರಾಜುವಿನ ಕಪ್ಪು ಡೈರಿಯಲ್ಲಿತ್ತು. ಈಗ ಅವನ್ನೆಲ್ಲ ಹೊಸದಾಗಿ ಒಂದೇ ಕಡೆ ಜೋಡಿಸಿಡುವ ಕೆಲಸವನ್ನು ಮ್ಯಾನೇಜರ್ ವೆಂಕಟೇಶಪ್ಪನವರು ವೇಣಿಗೆ ಕೊಟ್ಟಿದ್ದರು. ಅವಳು ಬಂದು ಮೂರು ತಿಂಗಳೂ ಆಗಿರಲಿಲ್ಲ.

ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ? ಮೊದಲೆಲ್ಲ ಏನೇ ನಿಂತರೂ ಪ್ಯಾಕಿಂಗ್ ಶೆಡ್ಡಿನ ಬಾಗಿಲಿಂದ "ಮುನಿರಾಜಣ್ಣಾ" ಎಂಬ ಕೂಗು. ಊಟದ ತಟ್ಟೆ ಬಿಟ್ಟು ಓಡುತ್ತಿದ್ದ. ಬೈದುಕೊಳ್ಳುತ್ತಲೇ ಓಡುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ. ಈಗ ವೆಂಕಟೇಶಪ್ಪನವರ ಬಾಯಲ್ಲಿ "ವೇಣಿ ಎಲ್ಲಿ?" ಬಿಟ್ಟರೆ ಬೇರೆ ಮಾತಿಲ್ಲ. ನಿನ್ನೆಯಂತೂ ಅವರ ಕ್ಯಾಬಿನ್ನಿಗೆ ಎರಡು ಲೋಟ ಕಾಫಿ ಹೋದದ್ದನ್ನು ಕಣ್ಣಾರೆ ನೋಡಿದ್ದ. ಹನ್ನೊಂದು ವರ್ಷದಲ್ಲಿ ಅಲ್ಲಿ ಅವನಿಗೆ ಒಂದು ಗುಟುಕು ನೀರೂ ಸಿಕ್ಕಿರಲಿಲ್ಲ.

ಅವನು ಮುಚ್ಚಿಟ್ಟಿದ್ದು ಲೇಬಲಿನ ಜೋಡಿ. ಅದಕ್ಕೆ ಸರ್ವಿಸ್ ಅಕೌಂಟೇ ಇರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆಯುಧಪೂಜೆಯ ಹಿಂದಿನ ದಿನ, ಲಾರಿಗಳು ಸಾಲಾಗಿ ನಿಂತಿದ್ದಾಗ, ಇವತ್ತೊಂದು ದಿನ ನಡೆದುಹೋಗಲಿ ಎಂದು ತನ್ನ ಸ್ವಂತ ಹೆಸರನ್ನೇ ಎರಡೂ ಕಡೆ ಹಾಕಿಬಿಟ್ಟಿದ್ದ. ಮಾಡಬಾರದ ಕೆಲಸ. ಆಮೇಲೆ ತೆಗೆಯಲು ಹೋದವನು ಡಬ್ಬ ನೋಡಿ ಸುಮ್ಮನಾದ. ಲೇಬಲಿನ ಕೆಳಮೂಲೆಯಲ್ಲಿ, ಅಚ್ಚು ಹಾಕಿದವರ ಹೆಸರಿನ ಜಾಗದಲ್ಲಿ, ಇಂಗ್ಲಿಷಿನ ಪುಟ್ಟ ಅಕ್ಷರಗಳಲ್ಲಿ ಮುನಿರಾಜು ಎಂದಿತ್ತು. ಅಂದಿನಿಂದ ಆ ಗೇಟು ದಾಟಿದ ಒಂದೊಂದು ಪಂಪೂ ಅವನ ಹೆಸರು ಹೊತ್ತೇ ಹೋಗಿತ್ತು.

ಸೋಮವಾರ ಹಳೆಯ ಜೋಡಣೆಗಳೆಲ್ಲ ರದ್ದು. ಲೇಬಲ್ ನಿಲ್ಲುತ್ತದೆ, ಲಾರಿಗಳು ನಿಲ್ಲುತ್ತವೆ. ಆಗ ಯಾರನ್ನು ಕೂಗುತ್ತಾರೋ ನೋಡೇಬಿಡೋಣ ಎಂದುಕೊಂಡ.

ಸೋಮವಾರ ಬೆಳಿಗ್ಗೆ ಕ್ಯಾಂಟೀನಿನಲ್ಲಿ ಕೂತು ಒಂದು ಟೀಯನ್ನು ಮುಕ್ಕಾಲು ಗಂಟೆ ಕುಡಿದ. ಕಿವಿಯೆಲ್ಲ ಶೆಡ್ಡಿನ ಕಡೆಗೇ. ಕೂಗು ಬರಲಿಲ್ಲ. ಗೇಟು ದಾಟಿದ ಲಾರಿಗಳು ಮೆಟ್ರೋ ಕಂಬಕ್ಕೆ ತೋಡಿದ ಗುಂಡಿಗಳ ಹತ್ತಿರ ಹಾರ್ನ್ ಹೊಡೆಯುವುದು ಕೇಳಿಸಿತು, ಒಂದಾದ ಮೇಲೊಂದು.

ತಡೆಯಲಾರದೆ ಎದ್ದು ಹೋದ. ವೇಣಿ ಕುರ್ಚಿ ತಿರುಗಿಸಿ ದನಿ ತಗ್ಗಿಸಿದಳು.

"ಸಾರ್, ಲೇಬಲ್‌ದು ನಿಮ್ಮ ಹೆಸ್ರಲ್ಲೇ ಓಡ್ತಿತ್ತು. ಶುಕ್ರವಾರ ಡಬ್ಬದ ಮೇಲೆ ನೋಡ್ದೆ. ಪಟ್ಟೀಲಿ ಮರ್ತಿದ್ದೀರ ಅಂತ ನಾನೇ ಒಂದು ಸರ್ವಿಸ್ ಅಕೌಂಟ್ ಮಾಡಿ ಎರಡೂ ಕಡೆ ಜೋಡಿಸ್ಬಿಟ್ಟೆ. ವೆಂಕಟೇಶಪ್ಪ ಸಾರ್‌ಗೆ ಹೇಳಿಲ್ಲ."

"ಒಳ್ಳೇದಾಯ್ತು ಬಿಡಮ್ಮ."

"ಇನ್ಮೇಲೆ ನೀವು ಆರಾಮಾಗಿ ರಜಾ ಹಾಕ್ಬೋದು ಸಾರ್. ನೀವಿಲ್ದಿದ್ರೂ ನಡೆಯುತ್ತೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ದೂರು ಕೊಟ್ಟಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಹುಡುಗಿಯ ಒಳ್ಳೆಯತನ ಕಂಡು ಹೊಟ್ಟೆ ಇನ್ನಷ್ಟು ಉರಿಯಿತು.

ಕಾಲು ತಾನಾಗಿ ಶೆಡ್ಡಿಗೆ ಎಳೆಯಿತು. ಚಿಕ್ಕಬಾಣಾವರದಿಂದ ಬರುವ ಹಳೆಯ ಕೆಲಸಗಾರ್ತಿ ಸೊಣ್ಣಮ್ಮ ಡಬ್ಬಗಳಿಗೆ ಲೇಬಲ್ ಒತ್ತುತ್ತಿದ್ದಳು. ಓದು ಬಾರದಿದ್ದರೂ ದಿನಾ ನೋಡಿ ನೋಡಿ ಮೂಲೆಯ ಹೆಸರಿನ ಗುರುತು ಅವಳಿಗಿತ್ತು.

"ಇದೇನಣ್ಣ, ನಿಮ್ಮೆಸ್ರೇ ಇಲ್ಲ ಇವತ್ತು? ಕೆಲ್ಸ ಬಿಟ್ಬುಟ್ರಾ?"

"ಇಲ್ಲಕ್ಕ. ಇಲ್ಲೇ ಇದೀನಲ್ಲ."

ಅವಳು ಆಗಲೇ ಮುಂದಿನ ಡಬ್ಬ ಎಳೆದುಕೊಂಡಿದ್ದಳು. ಒತ್ತಿಟ್ಟ ಲೇಬಲಿನ ಕೆಳಮೂಲೆ ಸ್ವಲ್ಪ ಎದ್ದಿತ್ತು. ಮುನಿರಾಜು ಬಗ್ಗಿ, ಅದು ಅಂಟುವವರೆಗೂ ಹೆಬ್ಬೆರಳಿನಿಂದ ಒತ್ತಿ ಹಿಡಿದ.